ದೊಣೆ ಬಲಕ್ಕೆ ಬಿಡಿ

ಮೊದಲೇ ಹೇಳಿಬಿಡ್ತೀವಿ, ಈ ಬೆಟ್ಟವನ್ನು ನಾವು ಸರಿಯಾಗಿ ಹತ್ತಲೇ ಇಲ್ಲ. ಹತ್ತಿದ್ದು ನಮ್ಮ ರೂಮ್‌ಮೇಟ್, ಅದೂ ಒಬ್ಬನೇ. "ಕ್ಲಬ್ ಮ್ಯಾಗಜೀನ್‌ಗೆ ನೀನೇ ಬರಿ" ಅಂತ ಎಷ್ಟು ಸಲ ಹೇಳಿದರೂ ಅವನು ಒಪ್ಪಲಿಲ್ಲ. "ನಾನು ಮೇಲೆ ಸುಮ್ನೆ ಕೂತಿದ್ದೆ. ಟೆನ್ಷನ್ ಪಟ್ಟಿದ್ದು ನೀವು, ನೀವೇ ಬರೀರಿ" ಅಂದ. ಹಾಗಾಗಿ ನಾವಿಬ್ಬರು ಬರೀತಿದ್ದೀವಿ. ಯಾವ ಸಾಲು ಯಾರದ್ದು ಅಂತ ಕೇಳಬೇಡಿ. ತಪ್ಪಂತೂ ಇಬ್ಬರದ್ದೂ. ಸರಿಯಾಗಿ ಲೆಕ್ಕ ಹಾಕಿದರೆ ಮೂವರದ್ದೂ.

ರೂಮಲ್ಲಿ ನಾವು ಮೂವರು. ಇಬ್ಬರು ಕಂಪ್ಯೂಟರ್ ಸೈನ್ಸ್, ಅವನೊಬ್ಬ ಸಿವಿಲ್. ಅದಕ್ಕೇ ಅವನ ಹೆಸರು ಹಾಸ್ಟೆಲ್‌ನಲ್ಲಿ 'ಸಿವಿಲ್' ಅಂತಲೇ ಆಗಿಹೋಗಿದೆ. ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿದು, ನಾಲ್ಕನೆಯದು ಶುರುವಾಗೋಕೆ ಇನ್ನೂ ನಾಲ್ಕು ದಿನ ಇತ್ತು. ಜನವರಿ ಚಳಿ. ಎಲ್ಲಾದರೂ ಹೋಗೋಣ ಅಂತ ಮಾತು ಬಂದಾಗ ನಾವಿಬ್ಬರೂ ಮಧುಗಿರಿ ಅಂದೆವು. ಏಕಶಿಲಾ ಬೆಟ್ಟ ಅಂತ ಹೆಸರಾಗಿದೆ, ಸೀನಿಯರ್ಸ್ ಎಲ್ಲ ಹೋಗಿ ಫೋಟೋ ಹಾಕಿದ್ದಾರೆ, ದಾರಿ ತಪ್ಪೋ ಭಯ ಇಲ್ಲ. ಸಿವಿಲ್ ಮಾತ್ರ, "ಮಧುಗಿರಿಗೆ ಎಲ್ಲರೂ ಹೋಗ್ತಾರೆ. ಅದಕ್ಕಿಂತ ಮೊದಲೇ ಇಳಿದುಬಿಡೋಣ" ಅಂದ. ಹಾಗೆ ಇಳಿದದ್ದು ಚನ್ನರಾಯನದುರ್ಗಕ್ಕೆ.

ಕೊರಟಗೆರೆ ತಾಲ್ಲೂಕಿನ ಈ ದುರ್ಗದ ಹೆಸರನ್ನು ತುಮಕೂರಿನಲ್ಲೇ ಓದುವ ನಮ್ಮ ಕ್ಲಾಸಿನವರಲ್ಲಿ ಅರ್ಧ ಜನ ಕೇಳಿಲ್ಲ. ಸಮುದ್ರ ಮಟ್ಟದಿಂದ 3,700 ಅಡಿಗೂ ಹೆಚ್ಚು ಎತ್ತರ. ಮಧುಗಿರಿ ಪಾಳೇಗಾರರ ಕೈಲಿದ್ದ ಕೋಟೆ ಮೈಸೂರು ಒಡೆಯರಿಗೆ ಹೋಯಿತು, ಆಮೇಲೆ ಮರಾಠರಿಗೂ ಮೈಸೂರಿಗೂ ನಡುವೆ ಕೈ ಬದಲಾಯಿಸಿತು. ಈಗ ಯಾರ ಕೈಲೂ ಇಲ್ಲದ ಹಾಗೆ, ಮೇಕೆ ಮೇಯಿಸೋರ ಕೈಲಿದೆ. ಟಿಕೆಟ್ ಇಲ್ಲ, ಬೋರ್ಡ್ ಇಲ್ಲ, ಕಂಬಿ ಇಲ್ಲ, ಮೇಲೆ ಎಳನೀರು ಮಾರೋರೂ ಇಲ್ಲ. ಸಿವಿಲ್‌ಗೆ ಬೇಕಾಗಿದ್ದೂ ಅದೇ.

ಬಸ್ಸಿನಲ್ಲಿ ಇಡೀ ದಾರಿ ಅವನದೇ ಪಾಠ. ರಾಮನಗರದ ಕಡೆಯಿಂದ ಮಾಗಡಿ, ತುಮಕೂರು, ಮಧುಗಿರಿ, ಪಾವಗಡ ದಾಟಿ ಬಳ್ಳಾರಿ ಕಡೆಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಒಂದೇ ಗ್ರಾನೈಟ್ ಪಟ್ಟಿ ಹೋಗಿದೆ. ಅದರ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತ ಹೆಸರಿತ್ತಲ್ಲ, ಅದೇ. ವಯಸ್ಸು ಸುಮಾರು 250 ಕೋಟಿ ವರ್ಷ. ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ಮೇಲಿನ ಭಾರ ಸವೆದು, ಬಂಡೆ ಈರುಳ್ಳಿ ಸಿಪ್ಪೆ ಥರ ಪದರ ಪದರವಾಗಿ ಬಿಡುತ್ತಂತೆ. "ಅದಕ್ಕೇ ಈ ಬೆಟ್ಟಗಳೆಲ್ಲ ಬೋಳು ತಲೆ ಥರ ಇರೋದು" ಅಂದ. ನಾವು ಅರ್ಧ ನಿದ್ದೆಯಲ್ಲಿ ತಲೆ ಆಡಿಸಿದೆವು. ಈ ತಲೆ ಆಡಿಸೋ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ.

ಕೊರಟಗೆರೆಯಲ್ಲಿ ಇಡ್ಲಿ ತಿಂದು, ಆಟೋ ಹಿಡಿದು ದುರ್ಗದ ಬುಡದ ಊರಿಗೆ ಬಂದಾಗ ಎಂಟು ಗಂಟೆ ಆಗಿತ್ತು. ಬೆಟ್ಟ ನೋಡಿ ನಾವಿಬ್ಬರೂ ಸುಮ್ಮನಾದೆವು. ಫೋಟೋದಲ್ಲಿ ಬೆಟ್ಟ ಚಿಕ್ಕದಾಗಿ ಕಾಣುತ್ತೆ, ಎದುರಿಗೆ ನಿಂತಾಗ ಕತ್ತು ನೋಯುತ್ತೆ. ಊರಿನ ಕೊನೇ ಮನೆಯ ಜಗಲಿ ಮೇಲೆ ಒಬ್ಬ ಅಜ್ಜಿ ಅವರೆಕಾಯಿ ಸುಲೀತಿದ್ದರು. ಪಕ್ಕದಲ್ಲಿ ಅಜ್ಜ ಬೀಡಿ ಸೇದುತ್ತಾ ಕೂತಿದ್ದರು. ಸಿವಿಲ್ ಹೋಗಿ ದಾರಿ ಕೇಳಿದ.

"ಎಲ್ಲಿಂದ ಬಂದ್ರಪ್ಪಾ?"

"ತುಮಕೂರಿಂದ ಅಜ್ಜ. ಬೆಟ್ಟ ಹತ್ತೋಕೆ."

"ಮೂರೇ ಜನವಾ? ಜತೇಲಿ ಗೊತ್ತಿರೋರು ಯಾರಾನ ಅವ್ರಾ?"

"ಇಲ್ಲ ಅಜ್ಜ. ಫೋನಲ್ಲಿ ಮ್ಯಾಪ್ ಇದೆ."

"ಮ್ಯಾಪ್ನಾಗೆ ಕರಡಿ ತೋರಿಸ್ತೈತಾ?" ಅಂದರು ಅಜ್ಜ. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ಬೀಡಿ ಆರಿಸಿ, ಕೈ ಎತ್ತಿ ಬೆಟ್ಟದ ಕಡೆ ತೋರಿಸುತ್ತಾ ಹೇಳಿದರು:

"ಮೊದ್ಲು ಬಂಡೆ ಮೇಲೆ ಮೆಟ್ಲು ಕೊರ್ದವ್ರೆ, ಅದ್ರಾಗೇ ಓಗಿ. ಒಂದ್ ಬಾಗ್ಲು ಸಿಗ್ತೈತೆ, ಆಮೇಲೆ ಇನ್ನೊಂದು. ಎರಡ್ನೇ ಬಾಗ್ಲು ದಾಟಿದ್ಮೇಲೆ ದೊಣೆ ಸಿಗ್ತೈತೆ. ದೊಣೆ ಬಲಕ್ಕೆ ಬಿಟ್ಟು, ಎಡಗಡೆ ಗ್ವಾಡೆ ಹಿಡ್ಕಂಡು ಓಗ್ಬೇಕು. ಬಲಕ್ಕೆ ಓಗ್ಬ್ಯಾಡಿ, ಅತ್ಲಾಗೆ ಜಾರುಬಂಡೆ. ತಿಳೀತಾ?"

"ಹೂ ಅಜ್ಜ" ಅಂದೆವು. ಮೂವರೂ ಒಟ್ಟಿಗೆ.

ನಿಜ ಹೇಳ್ತೀವಿ, 'ದೊಣೆ' ಅಂದ್ರೆ ಏನು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೂವರೂ ಇಂಗ್ಲಿಷ್ ಮೀಡಿಯಂ. ಮನೇಲಿ ಕನ್ನಡ, ಹಾಸ್ಟೆಲಲ್ಲಿ ಕನ್ನಡ, ಈ ಕ್ಲಬ್ಬಿಗೂ ಸೇರಿದ್ದೀವಿ. ಆದರೆ ನಮ್ಮ ಕನ್ನಡದಲ್ಲಿ ಬೆಟ್ಟ ಇರಲಿಲ್ಲ. ಸಿವಿಲ್ ಅಂದುಕೊಂಡನಂತೆ, ಅಜ್ಜ ಹಳ್ಳಿ ಮಾತಲ್ಲಿ 'ದೋಣಿ' ಅಂತಿದ್ದಾರೆ, ದೋಣಿ ಥರದ ಬಂಡೆ ಇರಬೇಕು ಅಂತ. ಆನೆ ಬಂಡೆ, ಬಸವನ ಬಂಡೆ ಎಲ್ಲ ಇರಲ್ವಾ, ಹಾಗೆ. ನಾವಿಬ್ಬರು ಅಂದುಕೊಂಡಿದ್ದು, ಸಿವಿಲ್‌ಗೆ ಗೊತ್ತಿರುತ್ತೆ ಅಂತ. ಅಜ್ಜನ ಎದುರು "ಹಂಗಂದ್ರೆ ಏನು?" ಅಂತ ಕೇಳೋಕೆ ನಾಚಿಕೆ. ಕನ್ನಡ ಕ್ಲಬ್ಬಿನ ಹುಡುಗರಿಗೆ ಕನ್ನಡ ಗೊತ್ತಿಲ್ಲ ಅಂತ ಆಗುತ್ತಲ್ಲ.

ಮೊದಲ ಬಂಡೆ ಹತ್ತೋಕೆ ಶುರು ಮಾಡಿದೆವು. ಬಂಡೆಯಲ್ಲಿ ಕೊರೆದ ಮೆಟ್ಟಿಲು ಅಂದ್ರೆ ಮೆಟ್ಟಿಲಲ್ಲ, ಪಾದದ ಮುಂಭಾಗ ಹಿಡಿಯೋಷ್ಟು ಗುಳಿಗಳು. ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ನಮ್ಮಿಬ್ಬರಲ್ಲಿ ಒಬ್ಬನ ಕಾಲು ಗುಳಿಯಿಂದ ಜಾರಿ ಪಾದ ಒಳಕ್ಕೆ ತಿರುಗಿತು. ಹಪ್ಪಳ ಮುರಿದ ಥರ ಸಣ್ಣ ಸದ್ದು. ಮೂಳೆ ಮುರಿದಿರಲಿಲ್ಲ, ಆದರೆ ಐದೇ ನಿಮಿಷದಲ್ಲಿ ಗಿಣ್ಣು ಊದಿಕೊಂಡಿತು.

ಈಗ ಏನು ಮಾಡೋದು? ಒಬ್ಬ ಇಳಿಯಲೇಬೇಕು. ಅವನನ್ನು ಹಿಡಿದುಕೊಂಡು ಇಳಿಸೋಕೆ ಇನ್ನೊಬ್ಬ ಬೇಕು. ಸಿವಿಲ್ ಮೇಲೆ ನೋಡಿದ, ನಮ್ಮನ್ನು ನೋಡಿದ, "ನಾನೂ ಬರ್ತೀನಿ ಬಿಡ್ರೋ" ಅಂದ. ಅವನ ಮುಖ ನೋಡಿ ನಮಗೇ ಬೇಜಾರಾಯಿತು. ಹದಿನೈದು ದಿನದಿಂದ ಈ ಬೆಟ್ಟದ್ದೇ ಮಾತಾಡಿದ್ದಾನೆ. "ನೀನು ಹೋಗಿ ಬಾ ಮಗಾ, ನಾವು ಅಜ್ಜನ ಮನೆ ಹತ್ರ ಇರ್ತೀವಿ" ಅಂತ ಹೇಳಿದ್ದು ನಾವೇ. ಅವನಾಗಿ ಒಬ್ಬನೇ ಹೋಗಲಿಲ್ಲ, ನಾವು ಕಳಿಸಿದ್ದು. ಅರ್ಧ ಗಂಟೆಗೊಂದು ಫೋನ್ ಮಾಡಬೇಕು, ಒಂದು ಗಂಟೆ ಒಳಗೆ ವಾಪಸ್ ಬರಬೇಕು ಅಂತ ರೂಲ್ಸ್ ಮಾಡಿದೆವು. ಅವನ ಬ್ಯಾಗಲ್ಲಿ ಒಂದು ಲೀಟರ್ ನೀರು, ಎರಡು ಬಿಸ್ಕತ್ ಪ್ಯಾಕ್, ಒಂದು ಟೋಪಿ. ಅಷ್ಟೇ.

ನಾವು ಕುಂಟುತ್ತಾ ಜಗಲಿಗೆ ಬಂದದ್ದು ನೋಡಿ ಅಜ್ಜಿ ಅವರೆಕಾಯಿ ಮೊರ ಪಕ್ಕಕ್ಕಿಟ್ಟರು. ಏನಾಯ್ತು ಅಂತ ಕೇಳಲೂ ಇಲ್ಲ. ಒಳಗೆ ಹೋಗಿ ಹುಣಸೆಹಣ್ಣು, ಉಪ್ಪು ಕಲಸಿ ಬಿಸಿ ಮಾಡಿಕೊಂಡು ಬಂದು ಗಿಣ್ಣಿಗೆ ಪಟ್ಟು ಹಾಕಿದರು. ಅಜ್ಜ ತೋಟದ ಕಡೆ ಹೋಗಿದ್ದರು.

9:20ಕ್ಕೆ ಮೊದಲ ಫೋನ್. "ಮೊದಲನೇ ಬಾಗಿಲು ದಾಟ್ದೆ. ಒಳಗೆಲ್ಲ ಬಾವಲಿ ವಾಸನೆ. ಕಲ್ಲು ನೋಡ್ಬೇಕು ನೀವು, ಗಾರೆನೇ ಇಲ್ದೆ ಎಷ್ಟು ಬಿಗಿಯಾಗಿ ಕೂರಿಸಿದ್ದಾರೆ ಗೊತ್ತಾ!"

9:50ಕ್ಕೆ ಎರಡನೆಯದು. "ಎರಡನೇ ಬಾಗಿಲು ಆಯ್ತು. ಇಲ್ಲೊಂದು ಪುಟ್ಟ ಕೊಳ ಇದೆ, ಬಂಡೆ ಮಧ್ಯೆ. ನೀರು ಹಸಿರಾಗಿದೆ. ಫೋಟೋ ಕಳಿಸ್ತೀನಿ." ಫೋಟೋ ಬಂತು. ಚೆನ್ನಾಗಿತ್ತು. ಹಾರ್ಟ್ ಹಾಕಿದೆವು.

10:15ಕ್ಕೆ ಮೂರನೆಯದು. ದನಿಯಲ್ಲಿ ಖುಷಿ ಇತ್ತು. "ದೋಣಿ ಸಿಕ್ತು ಕಣ್ರೋ! ಕೊಳದಿಂದ ಸ್ವಲ್ಪ ಬಲಕ್ಕೆ ಒಂದು ಬಂಡೆ ಇದೆ, ಥೇಟ್ ದೋಣಿನೇ. ಅದನ್ನ ಬಲಕ್ಕೆ ಬಿಟ್ಟು ಹತ್ತಾ ಇದ್ದೀನಿ."

"ಸೂಪರ್ ಮಗಾ" ಅಂದೆವು.

10:45ಕ್ಕೆ ಫೋನ್ ಬರಲಿಲ್ಲ. ನೆಟ್‌ವರ್ಕ್ ಇರಲ್ಲ ಬಿಡು ಅಂದುಕೊಂಡೆವು. 11:15ಕ್ಕೂ ಬರಲಿಲ್ಲ. ನಾವೇ ಮಾಡಿದೆವು. ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆವು, ಮತ್ತೆ ರಿಂಗ್. ರಿಂಗ್ ಆಗದೇ ಇದ್ದಿದ್ದರೆ ಸಮಾಧಾನ ಇರುತ್ತಿತ್ತು. ರಿಂಗ್ ಆಗಿಯೂ ಎತ್ತುತ್ತಿಲ್ಲ ಅಂದ್ರೆ ಏನು ಅರ್ಥ?

ಹನ್ನೊಂದೂವರೆಗೆ ಫೋನ್ ಬಂತು. ಸಿವಿಲ್ ಅಲ್ಲ, ಅವನ ಅಮ್ಮ.

"ಏನಪ್ಪಾ, ಇವನು ಫೋನೇ ಎತ್ತುತ್ತಿಲ್ಲ?"

"ಸ್ನಾನಕ್ಕೆ ಹೋಗಿದ್ದಾನೆ ಆಂಟಿ."

ಹಾಸ್ಟೆಲ್‌ನಲ್ಲಿ ಇದು ಎಲ್ಲರೂ ಎಲ್ಲರ ಪರವಾಗಿ ಹೇಳೋ ಸುಳ್ಳು. ಯೋಚನೆ ಮಾಡೋ ಮೊದಲೇ ಬಾಯಿಂದ ಬಂದುಬಿಡುತ್ತೆ. "ಇಷ್ಟು ಹೊತ್ತಿಗಾ? ಸರಿ, ಭಾನುವಾರ ಅಲ್ವಾ. ಊಟ ಬಿಡ್ಬೇಡ ಅಂತ ಹೇಳಪ್ಪಾ" ಅಂತ ಆಂಟಿ ಇಟ್ಟರು. ಫೋನ್ ಕೆಳಗಿಟ್ಟ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಏನಾದರೂ ಆಗಿದ್ದರೆ ಈ ಸುಳ್ಳನ್ನು ಆಂಟಿ ಜೀವನ ಪೂರ್ತಿ ನೆನಪಿಟ್ಟುಕೊಳ್ತಾರೆ ಅಂತ ಇಬ್ಬರಿಗೂ ಒಂದೇ ಸಲ ಅನ್ನಿಸಿತ್ತು. ಅದನ್ನು ಆಮೇಲೆ ಮಾತಾಡಿಕೊಂಡೆವು. ಆಗ ಮಾತ್ರ ಸುಮ್ಮನೆ ಬೆಟ್ಟ ನೋಡ್ತಾ ಕೂತಿದ್ದೆವು. ಬೆಟ್ಟದ ಮೇಲೆ ಹದ್ದು ಸುತ್ತು ಹಾಕುತ್ತಿತ್ತು. ಹದ್ದು ದಿನಾಲೂ ಸುತ್ತು ಹಾಕುತ್ತೆ. ಆದರೂ.

ಅಜ್ಜ ತೋಟದಿಂದ ವಾಪಸ್ ಬಂದರು. ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡು, "ನಿಮ್ ಹುಡ್ಗ ದೊಣೆ ತಾವ ಓಗಿದ್ನಂತಾ?" ಅಂತ ಕೇಳಿದರು.

"ಹೂ ಅಜ್ಜ, ದೋಣಿ ಸಿಕ್ತಂತೆ. ಬಲಕ್ಕೆ ಬಿಟ್ಟು ಹತ್ತಿದ್ದಾನೆ."

"ಏನ್ ಸಿಕ್ತಂತೆ?"

"ದೋಣಿ."

ಅಜ್ಜ ಜೋರಾಗಿ ನಕ್ಕರು. "ಬೆಟ್ಟದ ಮೇಲೆ ದೋಣಿ ಎಲ್ಲಿಂದ ಬತ್ತೈತಪ್ಪಾ? ಯಾವ ಒಳೆ ಹರೀತೈತೆ ಅಲ್ಲಿ?" ಒಳಗಿಂದ ಅಜ್ಜಿಯೂ ನಕ್ಕರು. ನಾವೂ ನಗೋಕೆ ನೋಡಿದೆವು. "ಅಲ್ಲ ಅಜ್ಜ, ದೋಣಿ ಥರದ ಬಂಡೆ. ಕೊಳದ ಬಲಗಡೆ ಇದೆಯಂತಲ್ಲ..." ಅಂತ ಹೇಳುತ್ತಿದ್ದ ಹಾಗೇ ಅಜ್ಜನ ನಗು ನಿಂತಿತು. ಅಷ್ಟು ಬೇಗ ನಿಂತ ನಗುವನ್ನು ನಾವು ಎಂದೂ ನೋಡಿರಲಿಲ್ಲ.

"ಕೊಳಾನೇ ದೊಣೆ ಕಣಪ್ಪಾ" ಅಂದರು.

ಅಂಗಿ ಜೇಬಿಂದ ಬಟನ್ ಫೋನ್ ತೆಗೆದು ಮೊಮ್ಮಗನಿಗೆ ಫೋನ್ ಮಾಡಿದರು. ಅವನು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಮೇಕೆ ಮೇಯಿಸುತ್ತಿದ್ದ. "ಲೇ, ದೊಣೆ ಬಲಗಡೆ ಜಾರುಬಂಡೆ ಮೇಲೆ ಒಬ್ಬ ಹುಡ್ಗ ಸಿಗಾಕ್ಕಂಡವ್ನೇನೋ, ಜಲ್ದಿ ನೋಡ್ಲಾ. ಮೇಕೆ ಬುಡ್ಲಾ, ಎಲ್ಲೂ ಓಗಾಕಿಲ್ಲ." ಆಮೇಲೆ ಚಪ್ಪಲಿ ಅಲ್ಲೇ ಬಿಟ್ಟು ಬೆಟ್ಟದ ಕಡೆ ಹೊರಟರು. ಕಾಲು ಸರಿ ಇದ್ದ ನಮ್ಮವನು ಹಿಂದೆ ಓಡಿದ. ಕಾಲು ಊದಿದವನು ಅಜ್ಜಿ ಜೊತೆ ಉಳಿದ. ಮುಂದಿನ ಎರಡು ಗಂಟೆ ಇಬ್ಬರಲ್ಲಿ ಯಾರಿಗೆ ಕಷ್ಟ ಆಯಿತು ಅನ್ನೋದರ ಬಗ್ಗೆ ನಾವು ಇನ್ನೂ ಜಗಳ ಆಡ್ತೀವಿ. ಮೇಲೆ ಹೋದವನಿಗೆ ಕೊನೇಪಕ್ಷ ಮಾಡೋಕೆ ಕೆಲಸ ಇತ್ತು. ಕೆಳಗೆ ಉಳಿದವನು ಒಂದು ಮೊರ ಅವರೆಕಾಯಿ ಪೂರ್ತಿ ಸುಲಿದ. ಅಜ್ಜಿ ಅವನ ಕೈಗೆ ಕಾಯಿ ಕೊಡುತ್ತಾ, ನಿಲ್ಲಿಸದೆ ಏನೇನೋ ಮಾತಾಡ್ತಾ ಇದ್ದರು. ತಮ್ಮ ಮದುವೆ ದಿಬ್ಬಣದ ಕಥೆ, ಬರಗಾಲದ ಕಥೆ. ಯಾಕೆ ಅಂತ ಅವನಿಗೆ ಸಂಜೆ ಅರ್ಥ ಆಯಿತು.

ಅಜ್ಜ ಎಷ್ಟು ವಯಸ್ಸಿನವರೋ ಗೊತ್ತಿಲ್ಲ, ಆದರೆ ಬರಿಗಾಲಲ್ಲಿ ಬಂಡೆ ಮೇಲೆ ಅವರು ನಡೆದ ವೇಗಕ್ಕೆ ನಮ್ಮ ಸ್ಪೋರ್ಟ್ಸ್ ಶೂ ಸಾಟಿ ಆಗಲಿಲ್ಲ. ಮೊದಲ ಬಾಗಿಲು, ಎರಡನೇ ಬಾಗಿಲು. ಅದನ್ನು ದಾಟಿದ ಕೂಡಲೇ ಬಂಡೆಯ ತಗ್ಗಿನಲ್ಲಿ ಹಸಿರು ನೀರು. ಫೋಟೋದಲ್ಲಿ ನಾವು ಹಾರ್ಟ್ ಹಾಕಿದ್ದ ಅದೇ ಕೊಳ.

"ಇದೇ ದೊಣೆ" ಅಂದರು ಅಜ್ಜ. ಬೈಯಲಿಲ್ಲ. ತೋರಿಸಿದರು ಅಷ್ಟೇ.

ಬಂಡೆಯ ಮೇಲೆ ತಾನಾಗಿ ಆದ ತಗ್ಗಿನಲ್ಲಿ ಮಳೆ ನೀರು ನಿಲ್ಲುತ್ತೆ, ಅದು ದೊಣೆ. ಬೆಟ್ಟದ ಮೇಲೆ ಬಾವಿ ತೋಡೋಕೆ ಆಗಲ್ಲ, ಹೊಳೆ ಬರಲ್ಲ. ಕೆಳಗೆ ಶತ್ರು ತಿಂಗಳುಗಟ್ಟಲೆ ಕಾದು ಕೂತರೆ ಮೇಲಿದ್ದವರನ್ನು ಬದುಕಿಸೋದು ಈ ನೀರೇ. ಗೋಡೆ ಎಷ್ಟು ದಪ್ಪ ಇದ್ದರೂ ದೊಣೆ ಬತ್ತಿದರೆ ಕೋಟೆ ಬಿತ್ತು. ಹಾಗೆ ನೋಡಿದರೆ ಕೋಟೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗದ ಹೆಸರೇ ನಮಗೆ ಗೊತ್ತಿರಲಿಲ್ಲ.

ಅಜ್ಜ ಎಡಗಡೆ ಗೋಡೆ ಹಿಡಿದು ಹತ್ತಿದರು. ಗೋಡೆ ಪಕ್ಕ ನಿಜವಾಗಲೂ ದಾರಿ ಇತ್ತು, ಆಳೆತ್ತರದ ಒಣಹುಲ್ಲಿನ ನಡುವೆ. ಆ ದಾರಿ ಸುತ್ತಿಕೊಂಡು ಜಾರುಬಂಡೆಯ ತಲೆಗೆ ಬರುತ್ತೆ. ಅಲ್ಲಿ ಮೊಮ್ಮಗ ಆಗಲೇ ಬಂದು ಕೂತಿದ್ದ, ನಮಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಕೈ ಮಾಡಿ ಕೆಳಗೆ ತೋರಿಸಿದ. ಹದಿನೈದು ಇಪ್ಪತ್ತು ಅಡಿ ಕೆಳಗೆ, ಬಂಡೆಯ ಬಿರುಕಿನಲ್ಲಿ ಹುಟ್ಟಿದ ಒಂದು ಸಣ್ಣ ಗಿಡದ ಬುಡದಲ್ಲಿ, ಎರಡು ಕಾಲು ಮಡಿಸಿಕೊಂಡು ಸಿವಿಲ್ ಕೂತಿದ್ದ. ಅವನ ಕೆಳಗೆ ಬಂಡೆ ಬಗ್ಗುತ್ತಾ ಬಗ್ಗುತ್ತಾ ಹೋಗಿ ಕಾಣದ ಹಾಗಾಗುತ್ತಿತ್ತು. ಅದರ ಆಚೆ ಲಂಟಾನದ ಪೊದೆ, ಆಮೇಲೆ ಏನೂ ಇಲ್ಲ.

ಆಗಿದ್ದು ಇಷ್ಟು. ದೋಣಿ ಬಂಡೆ ಬಲಕ್ಕೆ ಬಿಟ್ಟು ಹತ್ತಿದಾಗ ಬಂಡೆ ಮೊದಲು ಸಲೀಸಾಗಿತ್ತು. ಹತ್ತುತ್ತಾ ಕಡಿದಾಯಿತು. ಬಸ್ಸಲ್ಲಿ ಅವನೇ ಪಾಠ ಮಾಡಿದ್ದನಲ್ಲ, ಈರುಳ್ಳಿ ಸಿಪ್ಪೆ, ಅಂಥದ್ದೊಂದು ಚಕ್ಕೆ ಅವನ ಕಾಲಡಿ ಕದಲಿತು. ಬಗ್ಗಿ ಎರಡೂ ಕೈ ಊರಿದ. ಅಂಗಿ ಜೇಬಿನಿಂದ ಫೋನ್ ಬಿದ್ದು ಬಂಡೆ ಮೇಲೆ ಜಾರುತ್ತಾ ಹೋಯಿತು. "ಸದ್ದು ನಿಲ್ಲೋದನ್ನ ಕಾದೆ. ತುಂಬಾ ಹೊತ್ತು ನಿಲ್ಲಲೇ ಇಲ್ಲ. ಆಮೇಲೆ ನಾನು ಕದಲಲಿಲ್ಲ" ಅಂದ. ಲಂಟಾನದ ಒಳಗೆ ಆ ಫೋನ್ ರಿಂಗ್ ಆಗೋದು ಅವನಿಗೆ ಕೇಳಿಸುತ್ತಿತ್ತಂತೆ. ನಾವು ಮಾಡಿದ್ದು, ಅವನಮ್ಮ ಮಾಡಿದ್ದು, ಎಲ್ಲ. ಹತ್ತೋಕೂ ಆಗಲ್ಲ, ಇಳಿಯೋಕೂ ಆಗಲ್ಲ. ಹತ್ತುವಾಗ ಮುಂದಿನ ಹೆಜ್ಜೆ ಕಣ್ಣಿಗೆ ಕಾಣುತ್ತೆ, ಇಳಿಯುವಾಗ ಕಾಣಲ್ಲ.

ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ನಾವೆಲ್ಲ ಈ ಲೆಕ್ಕ ಮಾಡಿದ್ದೀವಿ. ಇಳಿಜಾರಿನ ಮೇಲೆ ಒಂದು ಪೆಟ್ಟಿಗೆ, ಘರ್ಷಣೆಯ ಗುಣಾಂಕ ಕೊಟ್ಟಿದೆ, ಯಾವ ಕೋನದಲ್ಲಿ ಜಾರುತ್ತೆ? ಗುಣಾಂಕ 0.7 ಇದ್ದರೆ 35 ಡಿಗ್ರಿ. ಹತ್ತಕ್ಕೆ ಹತ್ತು ಮಾರ್ಕ್ಸ್. ಆ ಪೆಟ್ಟಿಗೆಗೆ ಅಮ್ಮ ಫೋನ್ ಮಾಡ್ತಾರೆ ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮೊಮ್ಮಗ ಮೇಲಿಂದ ಕೂಗಿ ಹೇಳಿದ: "ಬೂಟು ಬಿಚ್ಚಣ್ಣ. ಸಾಕ್ಸೂ ಬಿಚ್ಚು. ಬಂಡೆ ತಬ್ಬಬ್ಯಾಡ, ನೆಟ್ಟಗೆ ನಿಂತ್ಕೋ. ತಬ್ಬಿದ್ರೆ ಕಾಲು ಜಾರ್ತೈತೆ." ಲೆಕ್ಕ ಅದನ್ನೇ ಹೇಳುತ್ತೆ, ಭಾರ ಪಾದದ ಮೇಲೆ ಬೀಳಬೇಕು. ಆದರೆ ಭಯ ಆದಾಗ ಮೈ ಬಂಡೆಯನ್ನು ತಬ್ಬಿಕೊಳ್ಳೋಕೇ ನೋಡುತ್ತೆ. ಸಿವಿಲ್ ಶೂ ಬಿಚ್ಚಿ ಲೇಸ್ ಗಂಟು ಹಾಕಿ ಕತ್ತಿಗೆ ನೇತು ಹಾಕಿಕೊಂಡ. ಎದ್ದು ನಿಂತ. ಕಾಲು ನಡುಗುತ್ತಿದ್ದದ್ದು ಮೇಲಿಂದ ಕಾಣುತ್ತಿತ್ತು. ಒಂದೊಂದೇ ಹೆಜ್ಜೆ, ಮೊಮ್ಮಗ ಹೇಳಿದ ಹಾಗೆ. "ಎಡಕ್ಕೆ ಒಂದು ಗುಳಿ ಐತೆ. ಹಾಂ. ಈಗ ಬಲಗಾಲು." ಇನ್ನು ಏಳೆಂಟು ಅಡಿ ಇರುವಾಗ ಬಂಡೆ ನುಣ್ಣಗಾಯಿತು. ಗುಳಿ ಇಲ್ಲ.

"ದೋಟಿ ಕೊಡ್ತೀನಿ, ದೋಟಿ ಹಿಡ್ಕೋ!" ಅಂತ ಮೊಮ್ಮಗ ಕೂಗಿದ.

ಆಗ ಸಿವಿಲ್ ಬಂಡೆ ಮೇಲಿಂದ, ನಡುಗೋ ದನಿಯಲ್ಲಿ, ಪೂರ್ತಿ ಬೆಟ್ಟಕ್ಕೆ ಕೇಳೋ ಹಾಗೆ ಕೂಗಿದ:

"ದೋಟಿ ಅಂದ್ರೆ ಏನು?"

ಬೆಳಗ್ಗೆಯಿಂದ ನಮ್ಮಲ್ಲಿ ಒಬ್ಬ ಕೇಳಿದ ಮೊದಲ ಪ್ರಶ್ನೆ ಅದು.

ದೋಟಿ ಅಂದ್ರೆ ತುದಿಗೆ ಕುಡುಗೋಲು ಕಟ್ಟಿದ ಉದ್ದದ ಗಳ. ಮೇಕೆಗೆ ಎತ್ತರದ ಕೊಂಬೆಯಿಂದ ಸೊಪ್ಪು ಎಳೆಯೋಕೆ ಬೇಕಾಗುತ್ತೆ. ಮೊಮ್ಮಗ ಕುಡುಗೋಲನ್ನು ಬಿಚ್ಚಿ ಪಕ್ಕಕ್ಕಿಟ್ಟು, ಗಳದ ಬುಡ ಕೆಳಗೆ ಚಾಚಿದ. ಅವನ ಸೊಂಟ ಅಜ್ಜ ಹಿಡಿದರು, ಅಜ್ಜನ ಸೊಂಟ ನಮ್ಮವನು ಹಿಡಿದ. "ಜೋತು ಬೀಳ್ಬ್ಯಾಡ, ಸುಮ್ನೆ ಮುಟ್ಕಂಡಿರು, ಕಾಲು ನಡೀಲಿ" ಅಂದರು ಅಜ್ಜ. ಒಂದು ಗಂಟೆಗೆ ಐದು ನಿಮಿಷ ಇರುವಾಗ ಸಿವಿಲ್ ಮೇಲೆ ಬಂದ. ಬಂದವನೇ ಬಂಡೆ ಮೇಲೆ ಅಂಗಾತ ಮಲಗಿಬಿಟ್ಟ. ನಮಗೆ ಅಳು ಬಂತು ಅಂತ ಬರೆಯೋಕೆ ನಾಚಿಕೆ ಇಲ್ಲ. ಕೆಳಗೆ ಅವರೆಕಾಯಿ ಸುಲಿಯುತ್ತಿದ್ದವನಿಗೆ ಅಜ್ಜನ ಫೋನ್ ಹೋಯಿತು. ಅವನೂ ಅತ್ತನಂತೆ, ಸಾಕ್ಷಿ ಅಜ್ಜಿ.

"ತುದಿ ಇನ್ನ ಇಪ್ಪತ್ ನಿಮಿಷ ಅಷ್ಟೆ, ನೋಡ್ಕಂಡ್ ಬರ್ತೀರಾ?" ಅಂತ ಮೊಮ್ಮಗ ಕೇಳಿದ. ಸಿವಿಲ್ ತುದಿ ನೋಡಿದ. ಮುರಿದ ಗೋಡೆ, ಒಂದು ಕೊತ್ತಲ, ಅದರ ಹಿಂದೆ ಆಕಾಶ. "ಇವತ್ತು ಬೇಡ ಅಣ್ಣ" ಅಂದ. ಅವನು ಹಾಗಂದಿದ್ದು ನಮಗೆ ಸರಿ ಅನ್ನಿಸಿತು.

ತುದಿ ನೋಡದಿದ್ದರೂ ಅವನು ಎರಡೂವರೆ ಗಂಟೆ ಕೂತ ಜಾಗದಿಂದ ಏನು ಕಂಡಿತು ಅಂತ ಇಳಿಯುವಾಗ ಹೇಳಿದ. ಎದುರಿಗೆ ಉತ್ತರಕ್ಕೆ ಮಧುಗಿರಿ ಬೆಟ್ಟ, ಪೂರ್ತಿ. ಹೈದರಾಲಿ 1763ರಲ್ಲಿ ಕೆಳದಿ ಗೆದ್ದ ಮೇಲೆ ರಾಣಿ ವೀರಮ್ಮಾಜಿಯನ್ನು ಸೆರೆ ಇಟ್ಟದ್ದು ಅಲ್ಲೇ. 1767ರಲ್ಲಿ ಮರಾಠರು ಬಂದು ಬಿಡಿಸಿದರು. "ಅವಳು ಬೆಟ್ಟದ ಮೇಲೆ ನಾಲ್ಕು ವರ್ಷ ಇದ್ದಳು ಕಣ್ರೋ, ನನಗೆ ಎರಡೂವರೆ ಗಂಟೆಗೇ ಸಾಕಾಯ್ತು" ಅಂದ. ಅವನು ಜೋಕ್ ಮಾಡಿದ ಮೇಲೆ ನಮಗೆ ಉಸಿರು ಬಂತು. ಫೋನನ್ನು ಮೊಮ್ಮಗ ಲಂಟಾನದಿಂದ ಹುಡುಕಿಕೊಟ್ಟ. ಗಾಜು ಪುಡಿಯಾಗಿತ್ತು, ರಿಂಗ್ ಮಾತ್ರ ಆಗುತ್ತಿತ್ತು.

ಅಜ್ಜಿ ನಮ್ಮನ್ನು ಊಟ ಮಾಡಿಸದೆ ಬಿಡಲಿಲ್ಲ. ಮುದ್ದೆ, ಅವರೆಕಾಳು ಸಾರು. ನಾವೇ ಸುಲಿದ ಕಾಳು. ತಿನ್ನುತ್ತಾ ತಿನ್ನುತ್ತಾ ಅಜ್ಜನನ್ನು ಒಂದೊಂದೇ ಕೇಳಿದೆವು. ಕೊತ್ತಲ ಅಂದ್ರೆ? ಕೋಟೆ ಗೋಡೆಯಿಂದ ಮುಂದಕ್ಕೆ ಚಾಚಿ ಕಟ್ಟಿದ ಕಾವಲಿನ ಜಾಗ. ದಿಡ್ಡಿ ಬಾಗಿಲು ಅಂದ್ರೆ? ದೊಡ್ಡ ಬಾಗಿಲು ಮುಚ್ಚಿದಾಗ ಒಬ್ಬೊಬ್ಬರೇ ನುಗ್ಗೋ ಸಣ್ಣ ಬಾಗಿಲು. ಕಣಜ ಅಂದ್ರೆ? ಧಾನ್ಯ ತುಂಬಿಡೋ ಕೋಣೆ, ಮೇಲೆ ಐತೆ, ಈಗ ಬಾವಲಿ ತುಂಬ್ಕಂಡವೆ. ಅಜ್ಜ ಒಂದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಕೊನೆಗೆ ಸಿವಿಲ್, "ಅಜ್ಜ, ಬೆಳಗ್ಗೆ ನೀವು ದೊಣೆ ಅಂದಾಗ ನಂಗೆ ಗೊತ್ತಾಗ್ಲಿಲ್ಲ. ಕೇಳೋಕೆ ಒಂಥರಾ ಆಯ್ತು" ಅಂದ.

ಅಜ್ಜ ತಟ್ಟೆಯಿಂದ ತಲೆ ಎತ್ತಿ, "ಗೊತ್ತಿಲ್ಲ ಅಂದಿದ್ರೆ ನಾನೇನ್ ಒಡೀತಿದ್ನಾ?" ಅಂದರು.

ಬಸ್ಸಲ್ಲಿ ವಾಪಸ್ ಬರುವಾಗ ಮೂವರೂ ಆ ಮಾತನ್ನೇ ಯೋಚಿಸುತ್ತಿದ್ದೆವು. ನಮಗೆ ಈ ತಲೆ ಆಡಿಸೋ ಅಭ್ಯಾಸ ಹೊಸದಲ್ಲ. ಕ್ಲಾಸಲ್ಲಿ "ಅಂಡರ್‌ಸ್ಟುಡ್?" ಅಂತ ಕೇಳಿದಾಗ ಅರವತ್ತು ತಲೆ ಒಟ್ಟಿಗೆ ಆಡುತ್ತೆ. ಮೊದಲ ವರ್ಷ ಹಳ್ಳಿ ಕಡೆಯಿಂದ ಬಂದ ಗೆಳೆಯರು ಇಂಗ್ಲಿಷ್ ಪಾಠಕ್ಕೆ ತಲೆ ಆಡಿಸುವಾಗ ನಮಗೆ ಒಳಗೊಳಗೇ ನಗು ಬರುತ್ತಿತ್ತು, ಅದನ್ನೂ ಇಲ್ಲಿ ಒಪ್ಪಿಕೊಳ್ತೀವಿ. ಅಜ್ಜನ ಜಗಲಿ ಎದುರು ನಾವು ಮಾಡಿದ್ದೂ ಅದನ್ನೇ. ಕ್ಲಾಸಲ್ಲಿ ಸುಳ್ಳೇ ತಲೆ ಆಡಿಸಿದರೆ ಇಂಟರ್ನಲ್ಸ್‌ನಲ್ಲಿ ನಾಲ್ಕು ಮಾರ್ಕ್ಸ್ ಹೋಗುತ್ತೆ. ಬೆಟ್ಟದ ಬುಡದಲ್ಲಿ ಆಡಿಸಿದರೆ ಏನು ಹೋಗುತ್ತೆ ಅಂತ ಆ ದಿನ ನೋಡಿದೆವು.

ಯಾರಾದರೂ ಚನ್ನರಾಯನದುರ್ಗಕ್ಕೆ ಹೋಗೋದಿದ್ದರೆ ಹೋಗಿ, ತುಂಬಾ ಚೆನ್ನಾಗಿದೆ. ಒಬ್ಬರೇ ಹೋಗಬೇಡಿ. ಮಳೆಗಾಲದಲ್ಲಿ ಬೇಡವೇ ಬೇಡ. ತಲೆಗೆ ಎರಡು ಲೀಟರ್ ನೀರು ಇರಲಿ. ಊರಿನವರನ್ನು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಕೂಲಿ ಕೊಡಿ. ಅವರು ಹೇಳಿದ ಮಾತಲ್ಲಿ ಒಂದು ಪದ ಅರ್ಥ ಆಗದಿದ್ದರೂ ಅಲ್ಲೇ ನಿಂತು ಕೇಳಿ. ಮತ್ತೆ, ದೊಣೆ ಬಲಕ್ಕೆ ಬಿಡಿ.

ಇದನ್ನು ಮ್ಯಾಗಜೀನ್‌ಗೆ ಕಳಿಸೋ ಮೊದಲು ಒಂದು ಕೆಲಸ ಬಾಕಿ ಇತ್ತು. ಸಿವಿಲ್ ಅಮ್ಮನಿಗೆ ಫೋನ್ ಒಡೆದದ್ದು ಗೊತ್ತಿತ್ತು, ಹೇಗೆ ಒಡೆದದ್ದು ಅಂತ ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಸ್ಪೀಕರ್ ಹಾಕಿ ಮೂವರೂ ಕೂತು ಎಲ್ಲ ಹೇಳಿದೆವು. ಸ್ನಾನದ ಸುಳ್ಳನ್ನೂ ಹೇಳಿದೆವು. ಆಂಟಿ ತುಂಬಾ ಹೊತ್ತು ಮಾತಾಡಲಿಲ್ಲ. ಲೈನ್ ಕಟ್ ಆಯಿತೇನೋ ಅಂತ ನೋಡಿದೆವು, ಆಗಿರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಅಲ್ವೋ, ದೊಣೆ ಅಂದ್ರೆ ಗೊತ್ತಿರ್ಲಿಲ್ವಾ ನಿಂಗೆ?" ಅಂದರು. "ನಿಮ್ಮಜ್ಜಿ ಊರಿನ ಗುಡ್ಡದ ಮೇಲೆ ಇದೆಯಲ್ಲೋ. ಚಿಕ್ಕವನಿದ್ದಾಗ ಅದರಲ್ಲಿ ಕಾಗದದ ದೋಣಿ ಬಿಡ್ತಿದ್ದೆ ನೀನು."